ಸ್ಕ್ಯಾನ್ ಬೇಡ ಅಂದವರು ಡಾಕ್ಟರಲ್ಲ

ಆರೋಗ್ಯ ವಿಮೆ ಮಾಡಿಸಿದ್ದೇವೆ ಅಂದಮೇಲೆ ಕಾಯಿಲೆಯ ಖರ್ಚೆಲ್ಲ ಅದರಲ್ಲೇ ಬರುತ್ತದೆ ಎಂದು ನಾವು ನೆಮ್ಮದಿಯಾಗಿರುತ್ತೇವೆ. ಆದರೆ ನಮ್ಮಲ್ಲಿನ ಬಹುತೇಕ ಪಾಲಿಸಿಗಳ ಲೆಕ್ಕಾಚಾರ ಇರುವುದು ಆಸ್ಪತ್ರೆಯ ಮಂಚದ ಸುತ್ತ. ಅಡ್ಮಿಟ್ ಆದರೆ ದುಡ್ಡು ಸಿಗುತ್ತದೆ. ಕಾಯಿಲೆ ಎಲ್ಲಿದೆ, ಎಷ್ಟಿದೆ ಎಂದು ಹುಡುಕುವ ಖರ್ಚಿಗೆ ನೂರೆಂಟು ತಕರಾರು. ನಮಗೆ ಇದು ತಿಳಿದದ್ದು ಅಪ್ಪನ ಪೆಟ್-ಸಿಟಿ ಸ್ಕ್ಯಾನ್ ವಿಷಯದಲ್ಲಿ.

ಅವ್ವ ಹೋದಮೇಲೆ ಅಪ್ಪ ಧಾರವಾಡದ ಮನೆಗೆ ಬೀಗ ಹಾಕಿ ಪುಣೆಗೆ ನಮ್ಮ ಹತ್ತಿರ ಬಂದಿದ್ದರು. ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಬಯಾಪ್ಸಿಯಲ್ಲಿ ಲಿಂಫೋಮಾ ಎಂದು ಬಂತು. ಕೀಮೋ ಶುರು ಮಾಡುವ ಮೊದಲು ಅದು ಎಲ್ಲೆಲ್ಲಿ ಹರಡಿದೆ ನೋಡಬೇಕು, ಪೆಟ್-ಸಿಟಿ ಮಾಡಿಸಿ ಎಂದರು ಡಾಕ್ಟರು. ವಿಕಿರಣ ಸೂಸುವ ಗ್ಲೂಕೋಸಿನಂಥ ದ್ರವವನ್ನು ಇಂಜೆಕ್ಷನ್ ಮೂಲಕ ಕೊಡುತ್ತಾರೆ. ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ಅದನ್ನು ಹೆಚ್ಚು ಹೀರಿಕೊಳ್ಳುವುದರಿಂದ ಚಿತ್ರದಲ್ಲಿ ಆ ಜಾಗಗಳು ಹೊಳೆಯುತ್ತವೆ. ಎರಡು ಮೂರು ತಾಸಿನ ಕೆಲಸ. ಅಡ್ಮಿಟ್ ಆಗಬೇಕಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿ.

ಕ್ಯಾಶ್‌ಲೆಸ್‌ಗೆ ಕಳಿಸಿದ ಅರ್ಜಿಗೆ ಸಂಜೆಯೊಳಗೆ ಇಂಗ್ಲಿಷಿನಲ್ಲಿ ಒಂದು ಸಾಲಿನ ಉತ್ತರ ಬಂತು: ಇದು ಬರೀ ತಪಾಸಣೆ, ಪಾಲಿಸಿಯಲ್ಲಿ ಬರುವುದಿಲ್ಲ. ಕೌಂಟರಿನ ಹುಡುಗಿ ಮರಾಠಿಯಲ್ಲಿ ಅದನ್ನೇ ಹೇಳಿದಳು. ನಾನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ.

"ಅವರ ಡಾಕ್ಟರೂ ಕಾಗದಾ ನೋಡಿರ್ತಾರಲ್ಲವಾ? ನೋಡೇ ಬ್ಯಾಡ ಅಂದಾರಂದ್ರ ಅಂಥಾದ್ದೇನೂ ಇಲ್ಲಂತ ಆತು. ಸುಮ್ಮನ ಯಾಕ ರೊಕ್ಕಾ ಹಾಕ್ತಿ?" ಎಂದರು ಅಪ್ಪ. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ಗೆಲುವು ಕಂಡಿತ್ತು. ನನಗೆ ಹೆದರಿಕೆಯಾದದ್ದು ಆ ಗೆಲುವು ನೋಡಿ.

"ಅಪ್ಪಾ, ಅವರು ನೋಡಿದ್ದು ನಿಮ್ಮ ಕುತ್ತಿಗಿ ಗಂಟಲ್ಲ, ತಮ್ಮ ರೊಕ್ಕದ ಗಂಟು" ಎಂದೆ. ನಕ್ಕರು. ಆದರೂ ಒಪ್ಪಿಸಲು ಎರಡು ದಿನ ಹಿಡಿಯಿತು.

ಅಷ್ಟರಲ್ಲಿ ಸಲಹೆಗಳು ಬಂದವು. "ಒಂದು ದಿನ ಅಡ್ಮಿಟ್ ಮಾಡಿಸಿಬಿಡಿ, ಕ್ಲೇಮ್ ಪಾಸಾಗುತ್ತೆ" ಎನ್ನುವುದು ಎಲ್ಲರ ಬಾಯಲ್ಲೂ ಇದ್ದ ಉಪಾಯ. ನಮ್ಮ ಡಾಕ್ಟರು ಇದಕ್ಕೆ ಒಪ್ಪಲಿಲ್ಲ. ಪಾಲಿಸಿ ತೆಗೆದು ಓದಿದಾಗ ಅವರು ಹೇಳಿದ್ದೇ ಸರಿ ಅನ್ನಿಸಿತು. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಯಾವುದಕ್ಕೆ ಹಣ ಕೊಡುವುದಿಲ್ಲ ಎನ್ನುವ ಷರತ್ತುಗಳನ್ನು ಎಲ್ಲ ಕಂಪನಿಗಳಿಗೂ ಒಂದೇ ಮಾತಿನಲ್ಲಿ ಗೊತ್ತುಮಾಡಿತು. ಅದರಲ್ಲಿ 04ನೆಯದು ತಪಾಸಣೆಯದು. ಅದರಲ್ಲಿ ಎರಡು ಭಾಗ. ಮುಖ್ಯವಾಗಿ ತಪಾಸಣೆಗೆಂದೇ ಅಡ್ಮಿಟ್ ಆದರೆ ಆ ಖರ್ಚು ಸಿಗದು ಎನ್ನುವುದು ಒಂದು. ಎಲ್ಲರೂ ಹೇಳಿದ ಉಪಾಯ ಸೀದಾ ಈ ಬಲೆಗೇ ಬೀಳುತ್ತಿತ್ತು. ಈಗಿನ ಕಾಯಿಲೆಗೂ ಚಿಕಿತ್ಸೆಗೂ ಸಂಬಂಧವಿಲ್ಲದ ತಪಾಸಣೆಗೆ ಹಣ ಸಿಗದು ಎನ್ನುವುದು ಇನ್ನೊಂದು. ಹಾಗಾದರೆ ಸಂಬಂಧ ಇರುವ ತಪಾಸಣೆ?

21,000 ರೂಪಾಯಿ ನಾವೇ ಕಟ್ಟಿ ಸ್ಕ್ಯಾನ್ ಮಾಡಿಸಿದೆವು. ಕುತ್ತಿಗೆಯಲ್ಲಷ್ಟೇ ಅಲ್ಲ, ಹೊಟ್ಟೆಯೊಳಗಿನ ಗ್ರಂಥಿಗಳಲ್ಲೂ ಕಾಯಿಲೆ ಇತ್ತು. ಹನ್ನೊಂದನೇ ದಿನಕ್ಕೆ ಕೀಮೋ ಶುರುವಾಯಿತು. ಕೀಮೋಗೆ ಡೇ-ಕೇರ್ ಎಂದು ಹಣ ಸಿಕ್ಕಿತು. ಚಿಕಿತ್ಸೆಗೆ ಮೊದಲಿನ 60 ದಿನಗಳಲ್ಲಿ ಅದೇ ಕಾಯಿಲೆಗೆ ಆದ ಖರ್ಚೂ ನಮ್ಮ ಪಾಲಿಸಿಯಲ್ಲಿ ಬರುತ್ತದೆ. ಹಾಗಾಗಿ ಸ್ಕ್ಯಾನಿನ ಬಿಲ್ಲನ್ನು ಕೀಮೋ ಕ್ಲೇಮಿನ ಜೊತೆ ಸೇರಿಸಿದೆ. ಮತ್ತೆ ತಿರಸ್ಕಾರ, ಮತ್ತೆ ಅದೇ 04.

ಈ ಸಲ ಕಂಪನಿಯ ದೂರು ವಿಭಾಗಕ್ಕೆ ಒಂದು ಪುಟದ ಪತ್ರ ಬರೆದೆ. ಅದರಲ್ಲಿ ಬಯಾಪ್ಸಿ, ಸ್ಕ್ಯಾನ್, ಕೀಮೋ ಮೂರರ ತಾರೀಖುಗಳಿದ್ದವು. ಷರತ್ತಿನ ಎರಡನೇ ಭಾಗವನ್ನು ಇದ್ದಹಾಗೆ ಬರೆದಿದ್ದೆ. ಈ ಸ್ಕ್ಯಾನ್ ಇಲ್ಲದೆ ಕಾಯಿಲೆಯ ಹಂತ ಗೊತ್ತುಮಾಡಿ ಚಿಕಿತ್ಸೆ ನಿರ್ಧರಿಸಲು ಆಗದು ಎಂದು ಡಾಕ್ಟರು ಕೊಟ್ಟ ಎರಡು ಸಾಲಿನ ಚೀಟಿ ಲಗತ್ತಿಸಿದ್ದೆ. ತಿರಸ್ಕರಿಸುವ ಮೊದಲು ಕಂಪನಿಯ ಪರಿಶೀಲನಾ ಸಮಿತಿ ಒಪ್ಪಬೇಕು ಎಂದು ಪ್ರಾಧಿಕಾರ 2024ರ ಸುತ್ತೋಲೆಯಲ್ಲಿ ಹೇಳಿದೆ. ಆ ಸಮಿತಿ ಒಪ್ಪಿದೆಯೇ ಎಂದೂ ಕೇಳಿದ್ದೆ. ಇಪ್ಪತ್ತೆರಡನೇ ದಿನ ಹಣ ಖಾತೆಗೆ ಬಂತು. ವಿವರಣೆ ಬರಲಿಲ್ಲ.

ಬರದಿದ್ದರೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗುವವಳಿದ್ದೆ. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಮೊದಲು ಕಂಪನಿಗೆ ಬರೆದು ಒಂದು ತಿಂಗಳು ಕಾದಿರಬೇಕು, ಇಲ್ಲವೇ ಅವರ ಉತ್ತರ ಬಂದಿರಬೇಕು. ಆಮೇಲೆ ಒಂದು ವರ್ಷದೊಳಗೆ ದೂರು ಕೊಡಬೇಕು. ಪುಣೆ, ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿ ಎಲ್ಲ ಕಡೆಯೂ ಅವರ ಕಚೇರಿಗಳಿವೆ. ಇದೆಲ್ಲಕ್ಕೂ ಬೇಕಾದದ್ದು ತಿರಸ್ಕಾರದ ಕಾಗದ, ಷರತ್ತಿನ ಸಂಖ್ಯೆ ಸಮೇತ. ಫೋನಿನಲ್ಲಿ "ಆಗಲ್ಲ" ಅಂದರೆ ಅಷ್ಟಕ್ಕೇ ಬಿಡಬೇಡಿ, ಬರೆದು ಕೊಡಿ ಅನ್ನಿ.

ಹಣ ವಾಪಸು ಬಂದ ಸಂತೋಷಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. ನಮ್ಮ ಹತ್ತಿರ ಆ ದಿನ ಕಟ್ಟಲು ದುಡ್ಡಿತ್ತು, ಜಗಳ ಆಮೇಲೆ ಆಡಿದೆವು. ಕೈಯಲ್ಲಿ ದುಡ್ಡಿಲ್ಲದವರು ಏನು ಮಾಡುತ್ತಾರೆ? ಅಪ್ಪ ಅಂದುಕೊಂಡಂತೆಯೇ ಅಂದುಕೊಳ್ಳುತ್ತಾರೆ: ಬೇಡ ಅಂದರಲ್ಲ, ಹಾಗಾದರೆ ಏನೂ ಇರಲಿಕ್ಕಿಲ್ಲ. ಸ್ಕ್ಯಾನೇ ಆಗದಿದ್ದರೆ ಬಿಲ್ಲೂ ಇಲ್ಲ, ದೂರೂ ಇಲ್ಲ. ಹೊಟ್ಟೆಯೊಳಗಿನ ಗಂಟು ಮಾತ್ರ ಯಾರ ಕಣ್ಣಿಗೂ ಬೀಳದೆ ಹಾಗೇ ಇರುತ್ತದೆ.