ತಿಜೋರಿ ಬಾಯಿ ಬಿಡದಿದ್ದಾಗ

ಹೆಡತಲೆ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಸ್ಥಾನ. ಆದರೆ ಕಳೆದ ಮುಂಗಾರಿನ ಆರಂಭದಲ್ಲಿ ಊರಿನ ಜಗಲಿಗಳ ಮೇಲೆಲ್ಲ ನಡೆದದ್ದು ಒಂದು ಹಳೆಯ ತಿಜೋರಿಯ ಮಾತು. ಹೆಂಚಿನ ಮನೆಯೊಂದರ ನಡುಕೋಣೆಯಲ್ಲಿ ಮೂರು ತಲೆಮಾರಿನಿಂದ ಕೂತಿದ್ದ ಆ ಕಬ್ಬಿಣದ ಪೆಟ್ಟಿಗೆ, ಬೀಗದ ಕೈ ಇದ್ದೂ ತೆರೆಯದೆ ಹಟ ಹಿಡಿದಿತ್ತು.

ಆ ಪೆಟ್ಟಿಗೆ ಬಂದದ್ದೇ ಬೆಂಕಿಯ ಭಯದಿಂದ. ಅಜ್ಜನ ಕಾಲದಲ್ಲಿ ಹಿತ್ತಿಲ ಹುಲ್ಲಿನ ಮೆದೆಗೆ ಬಿದ್ದ ಕಿಡಿ ಮನೆಯ ಸೂರಿಗೂ ಹತ್ತಿ, ಜಮೀನಿನ ಕಾಗದಗಳೆಲ್ಲ ಬೂದಿಯಾಗಿದ್ದವು. ಬೆಂಕಿಗೆ ಬಡವನ ಮನೆ, ಅರಸನ ಮನೆ ಎಂಬ ಭೇದವಿಲ್ಲ. 1897ರಲ್ಲಿ ರಾಜಕುಮಾರಿಯ ಮದುವೆಯ ಸಂಭ್ರಮದ ನಡುವೆಯೇ ಮೈಸೂರಿನ ಮರದ ಅರಮನೆ ಸುಟ್ಟುಹೋಯಿತು. ಅದರ ಜಾಗದಲ್ಲಿ ಹೆನ್ರಿ ಇರ್ವಿನ್ ರೂಪಿಸಿದ ಈಗಿನ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಅದೇ 1897ರಲ್ಲಿ ಮುಂಬೈಯಲ್ಲಿ ಆರ್ದೇಶಿರ್ ಗೋದ್ರೆಜ್ ಬೀಗಗಳನ್ನು ತಯಾರಿಸಲು ಆರಂಭಿಸಿದ್ದು, ಕೆಲವೇ ವರ್ಷಗಳಲ್ಲಿ ತಿಜೋರಿಗಳಿಗೂ ಕೈಹಾಕಿದ್ದು ಕಾಕತಾಳೀಯ. ಹೆಡತಲೆಯ ಪೆಟ್ಟಿಗೆ ಯಾವ ಕಂಪನಿಯದೋ, ಅದರ ಹಿತ್ತಾಳೆಯ ಫಲಕ ತಿಕ್ಕಿ ತಿಕ್ಕಿ ಸವೆದು ಹೆಸರೇ ಉಳಿದಿರಲಿಲ್ಲ. ಎಂಟು ಜನ ಸೇರಿ ಗಾಡಿಯಿಂದ ಇಳಿಸಿದ್ದರು ಎಂಬುದಷ್ಟೇ ಮನೆಯವರಿಗೆ ಗೊತ್ತಿದ್ದ ಚರಿತ್ರೆ.

ಯಜಮಾನರು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅಂದಿನಿಂದ ಬೀಗದ ಕೈ ಅವ್ವನ ಸೊಂಟದಲ್ಲಿತ್ತು. ಪೆಟ್ಟಿಗೆಗೆ ಹಬ್ಬಹಬ್ಬಕ್ಕೆ ಅರಿಶಿನ ಕುಂಕುಮ ಸಲ್ಲುತ್ತಿತ್ತು. ವರ್ಷಕ್ಕೊಮ್ಮೆ ಬೀಗದ ಕಿಂಡಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆಯೂ ಬೀಳುತ್ತಿತ್ತು. ಆದರೆ ಬಾಗಿಲನ್ನು ಯಾರೂ ತೆರೆದಿರಲಿಲ್ಲ. ಒಳಗೆ ಕ್ರಯಪತ್ರಗಳ ಜೊತೆಗೆ ಯಜಮಾನರು ಸಾಯುವ ಮೂರು ತಿಂಗಳ ಮುಂಚೆ ಬರೆದಿಟ್ಟ ಪಾಲಿನ ಚೀಟಿ ಇತ್ತು. ಅಂಥ ಚೀಟಿಗೆ ಕಾನೂನಿನಲ್ಲಿ ಎಷ್ಟು ಬೆಲೆ ಎಂಬುದು ಬೇರೆ ಮಾತು. ಮನೆಯೊಳಗೆ ಬೆಲೆಯಿದ್ದದ್ದು ಅದಕ್ಕೇ.

ಕೊಳವೆಬಾವಿಯ ಹೊಲ ತನ್ನದೆಂದು ದೊಡ್ಡ ಮಗ ನಂಬಿದ್ದ. ಬಾವಿ ಕೊರೆಸಲು ಸಾಲ ಮಾಡಿದ್ದು, ತೀರಿಸಿದ್ದು ಅವನು. ಅದು ನಿನಗೇ ಎಂದು ಅಪ್ಪ ಹೇಳಿದ್ದು ಮೈಸೂರಿನಲ್ಲಿ ಕೆಲಸದಲ್ಲಿದ್ದ ಚಿಕ್ಕವನ ಕಿವಿಯಲ್ಲಿ ಇನ್ನೂ ಇತ್ತು. ಮಗಳ ಕಾಲೇಜಿನ ಖರ್ಚಿಗೆ ಚಿಕ್ಕವನು ಪಾಲು ಕೇಳಿದ. ಅವ್ವ ಬೀಗದ ಕೈ ಕೊಟ್ಟರು. ಕೈ ಒಳಗೆ ಹೋಯಿತು, ತಿರುಗಲಿಲ್ಲ. ದೊಡ್ಡವನು ಬಲ ಹಾಕಿದ, ಅದು ಬಾಗುವಂತಾಯಿತು. ಇಷ್ಟಾದ ಮೇಲೆ ಆಡದ ಮಾತುಗಳು ಶುರುವಾದವು. 'ಊರಲ್ಲೇ ಇರೋನು ಇವನು, ಏನು ಮಾಡಿದಾನೋ' ಎಂದು ಒಬ್ಬನ ಮನಸ್ಸಿನಲ್ಲಿ. 'ತಿಥಿ ದಿನ ರಾತ್ರಿ ಈ ಕೋಣೇಲಿ ಮಲಗಿದ್ದೋನು ಇವನು' ಎಂದು ಇನ್ನೊಬ್ಬನ ಮನಸ್ಸಿನಲ್ಲಿ.

ಊರಿನ ಹುಡುಗರು ಗ್ಯಾಸ್ ಕಟರ್ ತರೋಣ ಎಂದರು. ತಂದಿದ್ದರೆ, ಬೆಂಕಿಯಿಂದ ಉಳಿಸಲೆಂದು ಇಟ್ಟ ಕಾಗದವನ್ನು ಬೆಂಕಿಯಿಂದಲೇ ತೆಗೆಯಲು ಹೋದಂತಾಗುತ್ತಿತ್ತು. ಚಿಕ್ಕವನು ಮೈಸೂರಿನಿಂದ ವಯಸ್ಸಾದ ಬೀಗದ ಕೆಲಸದವರೊಬ್ಬರನ್ನು ಕರೆತಂದ. ಸಾಬರು ಬಂದವರೇ ಸುತ್ತಿಗೆಯನ್ನು ಮುಟ್ಟಲಿಲ್ಲ. ನೆಲದ ಮೇಲೆ ಒಂದು ಗೋಲಿ ಇಟ್ಟರು. ಅದು ಉರುಳುತ್ತಾ ಪೆಟ್ಟಿಗೆಯ ಎಡಮೂಲೆಗೆ ಹೋಗಿ ನಿಂತಿತು.

'ಬೀಗ ಪೂರ್ತಿ ಕೆಟ್ಟಿಲ್ಲಮ್ಮ. ಪೆಟ್ಟಿಗೆ ವಾಲಿದೆ' ಎಂದರು.

ಮಣ್ಣಿನ ನೆಲ ಒಂದು ಕಡೆ ಕುಸಿದಿತ್ತು. ಪೆಟ್ಟಿಗೆಯ ಚೌಕಟ್ಟು ಓರೆಯಾಗಿ, ಭಾರದ ಬಾಗಿಲು ಜೋತು, ಅದರ ಅಗುಳಿಗಳೆಲ್ಲ ಚೌಕಟ್ಟಿಗೆ ಒತ್ತಿಕೊಂಡಿದ್ದವು. ಹೀಗೆ ಒತ್ತಿಕೊಂಡ ಅಗುಳಿಯನ್ನು ಬೀಗದ ಕೈಯ ಬಲದಿಂದ ಎಳೆಯುವುದು ಆಗದ ಕೆಲಸ. ಬಲ ಹೆಚ್ಚಾದರೆ ಕೈ ಒಳಗೇ ಮುರಿಯುತ್ತದೆ. ಸುತ್ತಿಗೆಯಲ್ಲಿ ಹೊಡೆದರೆ ಇನ್ನೂ ಕಷ್ಟ. ಕೆಲವು ತಿಜೋರಿಗಳಲ್ಲಿ ಏಟು ಬಿದ್ದೊಡನೆ ತಾನಾಗಿ ಬಿದ್ದು ಬಾಗಿಲನ್ನು ಮತ್ತಷ್ಟು ಭದ್ರಪಡಿಸುವ ಕೊಂಡಿ ಇರುತ್ತದೆ. ಕೊಬ್ಬರಿ ಎಣ್ಣೆಯೂ ಉಪಕಾರ ಮಾಡಿರಲಿಲ್ಲ. ಅದು ವರ್ಷಗಟ್ಟಲೆ ಧೂಳಿನೊಡನೆ ಬೆರೆತು ಅಂಟಾಗಿ, ಬೀಗದೊಳಗಿನ ಲಿವರುಗಳನ್ನು ಒಂದಕ್ಕೊಂದು ಹಿಡಿಸಿಬಿಟ್ಟಿತ್ತು. ಬೀಗಕ್ಕೆ ಪೆನ್ಸಿಲ್ಲಿನ ಕಡ್ಡಿಯ ಪುಡಿ, ಅಂದರೆ ಗ್ರಾಫೈಟ್, ಎಷ್ಟೋ ಮೇಲು. ಅದು ಜಾರುತ್ತದೆ, ಅಂಟುವುದಿಲ್ಲ.

ಬಾಗಿಲ ಕೆಳಗಿನ ಅಂಚಿನಲ್ಲಿ ತುಕ್ಕು ತಿಂದ ತೂತಿನಿಂದ ಬಿಳಿಯ ಪುಡಿ ಉದುರುತ್ತಿತ್ತು. ದೊಡ್ಡವನು ಬೆರಳಲ್ಲಿ ಉಜ್ಜಿ ನೋಡಿ, 'ಇದೇನು ಸಾಬ್ರೆ, ಚೌಳು ನೆಲಕ್ಕೆ ಹಾಕೋ ಜಿಪ್ಸಂ ಇದ್ದಂಗದೆ' ಎಂದ. ಅವನ ಊಹೆ ಸರಿಯಾಗಿಯೇ ಇತ್ತು. ಬೆಂಕಿಗೆ ಜಗ್ಗದ ತಿಜೋರಿಯ ಗುಟ್ಟು ಕಬ್ಬಿಣದಲ್ಲಿಲ್ಲ. ಕಬ್ಬಿಣ ಶಾಖವನ್ನು ಬೇಗ ಒಳಕ್ಕೆ ದಾಟಿಸುತ್ತದೆ. ಗುಟ್ಟಿರುವುದು ಎರಡು ತಗಡುಗಳ ನಡುವೆ ತುಂಬುವ ಜಿಪ್ಸಂ, ಪಟಿಕ ಮುಂತಾದ ವಸ್ತುಗಳಲ್ಲಿ. ನೋಡಲು ಒಣ ಪುಡಿಯಾದರೂ 10 ಕಿಲೋ ಜಿಪ್ಸಂನ ಹರಳುಗಳಲ್ಲಿ ಸುಮಾರು 2 ಕಿಲೋ ನೀರು ಅಡಗಿರುತ್ತದೆ. ಬೆಂಕಿ ತಾಗಿದಾಗ ಆ ನೀರು ಹೊರಬಂದು ಆವಿಯಾಗುತ್ತದೆ. ಕುದಿಯುವ ನೀರು ಪೂರ್ತಿ ಆವಿಯಾಗಲು ಹೀರುವ ಶಾಖ, ಅದೇ ನೀರನ್ನು 0 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಬೇಕಾದುದರ ಐದು ಪಟ್ಟಿಗೂ ಹೆಚ್ಚು. ನೀರು ಮುಗಿಯುವವರೆಗೆ ಒಳಗಿನ ಕಾಗದ ಹೊತ್ತಿಕೊಳ್ಳುವಷ್ಟು, ಅಂದರೆ ಸುಮಾರು 230 ಡಿಗ್ರಿಯಷ್ಟು, ಬಿಸಿಯಾಗದು. ಒಲೆಯ ಮೇಲೆ ನೀರಿರುವ ತನಕ ಪಾತ್ರೆಯ ತಳ ಹೊತ್ತದಿರುವ ಹಾಗೆ.

ಆದರೆ ಕಾಪಾಡುವ ಆ ನೀರಿಗೆ ಇನ್ನೊಂದು ಗುಣವೂ ಉಂಟು. ಬೆಂಕಿಯೇ ಬೀಳದ ಮನೆಯಲ್ಲಿ, ವರ್ಷಗಟ್ಟಲೆ ಮುಚ್ಚಿದ ಪೆಟ್ಟಿಗೆಯಲ್ಲಿ, ಗೋಡೆಗಳ ತೇವ ಹೊರಹೋಗಲು ದಾರಿಯಿಲ್ಲದೆ ಒಳಗೇ ನಿಲ್ಲುತ್ತದೆ. ಅದರಿಂದ ಅಗುಳಿಗೆ ತುಕ್ಕು, ಕಾಗದಕ್ಕೆ ಬೂಷ್ಟು. ಆಗಾಗ ಬಾಗಿಲು ತೆರೆದು ಗಾಳಿಯಾಡಿಸಿದ್ದರೆ ಈ ತೊಂದರೆ ಬಹಳಷ್ಟು ತಪ್ಪುತ್ತಿತ್ತು. ಮುಚ್ಚಿಟ್ಟದ್ದೆಲ್ಲ ಭದ್ರ ಎಂದುಕೊಳ್ಳುವುದು ಹೆಡತಲೆಯವರೊಬ್ಬರ ತಪ್ಪೂ ಅಲ್ಲ. ಪುರಿಯ ಜಗನ್ನಾಥ ದೇವಾಲಯದ ರತ್ನಭಂಡಾರದ ಒಳಕೋಣೆಯನ್ನು 2024ರ ಜುಲೈ 14ರಂದು ತೆರೆಯಲು ಹೋದಾಗ ಕೈಗಳು ಹೊಂದದೆ ಬೀಗಗಳನ್ನೇ ಒಡೆಯಬೇಕಾಯಿತು.

ಸಾಬರು ಜೀಪಿನ ಜಾಕ್ ಕೊಟ್ಟು ಎಡಮೂಲೆಯನ್ನು ಎತ್ತಿ, ಕೆಳಗೆ ಕಲ್ಲುಚಪ್ಪಡಿ ತಳ್ಳಿಸಿದರು. ಗೋಲಿ ಉರುಳದಂತೆ ಮಟ್ಟವಾಯಿತು. ಬೀಗದ ಕಿಂಡಿಗೂ ಬಾಗಿಲ ಸಂದಿಗೂ ಸೀಮೆಎಣ್ಣೆ ಬಿಟ್ಟು, 'ಇವತ್ತು ಯಾರೂ ಮುಟ್ಟಬೇಡಿ' ಎಂದರು. ಆ ರಾತ್ರಿ ಅಣ್ಣತಮ್ಮಂದಿರು ಅದೇ ಕೋಣೆಯಲ್ಲಿ ಮಲಗಿದರು. ಪೆಟ್ಟಿಗೆಗೆ ಕಾವಲೋ, ಒಬ್ಬರಿಗೊಬ್ಬರು ಕಾವಲೋ ಹೇಳುವುದು ಕಷ್ಟ.

ಬೆಳಿಗ್ಗೆ ಸಾಬರು ಬಾಗಿಲ ಅಂಚಿಗೆ ಮರದ ಕೊಡತಿಯಿಂದ ಮೆಲ್ಲಗೆ ತಟ್ಟುತ್ತಾ, ಬೀಗದ ಕೈಯನ್ನು ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ಆಡಿಸುತ್ತಾ ಮುಕ್ಕಾಲು ಗಂಟೆ ಕೂತರು. ಕಟಕ್ ಎಂದಿತು. ಬಾಗಿಲು ನರಳುತ್ತಾ ತೆರೆಯಿತು.

ಒಳಗಿನಿಂದ ಬಂದದ್ದು ಹಸಿ ಗೋಡೆಯ ವಾಸನೆ. ಕ್ರಯಪತ್ರಗಳ ಅಂಚಿಗೆ ಬೂಷ್ಟು ಹಿಡಿದಿತ್ತಾದರೂ ಅಕ್ಷರ ಉಳಿದಿದ್ದವು. ಅವು ಹೋಗಿದ್ದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತಿತ್ತು. ನಕಲಿಲ್ಲದ್ದು ಪಾಲಿನ ಚೀಟಿಯೊಂದೇ. ಯಜಮಾನರು ಅದನ್ನು ತಮ್ಮ ಪ್ರೀತಿಯ ಇಂಕ್ ಪೆನ್ನಿನಲ್ಲಿ ಬರೆದಿದ್ದರು. ನೀರಿನಲ್ಲಿ ಕರಗುವ ಆ ಶಾಯಿ ತೇವಕ್ಕೆ ಹರಡಿ, ಇಡೀ ಹಾಳೆ ನೀಲಿ ಮೋಡದಂತಾಗಿತ್ತು. ಕೆಳಗೆ ಒಂದೇ ಒಂದು ಗುರುತು ಸ್ಪಷ್ಟವಾಗಿ ಉಳಿದಿತ್ತು. ಅದು ಎಣ್ಣೆ ಬೆರೆತ ಕಪ್ಪು ಶಾಯಿಯಲ್ಲಿ ಒತ್ತಿದ ಹೆಬ್ಬೆಟ್ಟು.

'ಇದು ಯಾರದು?' ಎಂದ ಚಿಕ್ಕವನು.

'ನಂದೇ ಕಣಪ್ಪ' ಎಂದರು ಅವ್ವ. 'ನಿಮ್ಮಪ್ಪ ಎರಡು ಸಲ ಓದಿ ಹೇಳಿ ಒತ್ತಿಸ್ಕೊಂಡ್ರು.'

ಕೋಣೆ ಸುಮ್ಮನಾಯಿತು. ಹನ್ನೊಂದು ವರ್ಷ ಇಬ್ಬರೂ ಪೆಟ್ಟಿಗೆಯ ಬಾಗಿಲನ್ನು ನೋಡಿಕೊಂಡು ಕೂತಿದ್ದರೇ ಹೊರತು, ಓದುಬರಹ ಬಾರದ ತಾಯಿಯನ್ನು ಒಂದು ಮಾತು ಕೇಳಿರಲಿಲ್ಲ.

'ಮತ್ತೆ ಯಾಕವ್ವ ಹೇಳ್ಲಿಲ್ಲ?'

'ನೀವು ಕೇಳ್ಲಿಲ್ಲ. ನಾನಾಗಿ ಹೇಳಿದ್ರೆ ಒಬ್ಬನ ಪಕ್ಷ ಅಂತಿದ್ರಿ. ಚೀಟಿನೇ ಹೇಳ್ಲಿ ಅಂತ ಸುಮ್ಕಿದ್ದೆ.' ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: 'ಬಾವಿ ಹೊಲ ಚಿಕ್ಕೋನಿಗೆ. ನೀರು ಇಬ್ರಿಗೂ. ಕೆಳಗಿನ ಗದ್ದೆ ಪೂರಾ ದೊಡ್ಡೋನಿಗೆ. ಬಾವಿ ಸಾಲದಲ್ಲಿ ಅರ್ಧ ಚಿಕ್ಕೋನು ಅಣ್ಣಂಗೆ ಕೊಡ್ಬೇಕು.'

ಇಬ್ಬರಿಗೂ ಅರ್ಧ ಸಿಹಿ, ಅರ್ಧ ಕಹಿಯಾದ ಮಾತು. ದೊಡ್ಡವನು ಆ ಹೆಬ್ಬೆಟ್ಟನ್ನೇ ನೋಡುತ್ತಾ ಬಹಳ ಹೊತ್ತು ನಿಂತಿದ್ದ. ಆಮೇಲೆ, 'ಅವ್ವ ಹೇಳಿದ ಮ್ಯಾಲೆ ಆಯ್ತು' ಎಂದ. ಚಿಕ್ಕವನು, 'ಸಾಲದ ದುಡ್ಡು ನನಗೆ ಗೊತ್ತಿರಲಿಲ್ಲ ಅಣ್ಣ' ಎಂದ. ಎರಡು ತಿಂಗಳಲ್ಲಿ ವಿಭಾಗಪತ್ರ ನೋಂದಣಿಯಾಗಿ, ಒಂದೊಂದು ಪ್ರತಿ ಇಬ್ಬರ ಮನೆಗೂ ಹೋಯಿತು.

ತಿಜೋರಿ ಈಗಲೂ ಅಲ್ಲೇ ಇದೆ, ಚಪ್ಪಡಿಯ ಮೇಲೆ ಮಟ್ಟವಾಗಿ. ತೇವ ಹೀರಲೆಂದು ಒಳಗೆ ಒಂದು ಬಟ್ಟಲು ಸುಣ್ಣದ ಕಲ್ಲು ಇಟ್ಟಿದ್ದಾರೆ. ಅದು ಪುಡಿಯಾದಾಗ ಬದಲಾಯಿಸುತ್ತಾರೆ. ಪ್ರತಿ ಅಮಾವಾಸ್ಯೆಯ ದಿನ ಅವ್ವ ಬಾಗಿಲು ತೆರೆದು ಸಂಜೆಯವರೆಗೆ ಹಾಗೇ ಬಿಡುತ್ತಾರೆ. ಬೀಗದ ಕೈ ಅವರ ಸೊಂಟದಲ್ಲಿಲ್ಲ. ಕೋಣೆಯ ಗೂಟದಲ್ಲಿ, ಎಲ್ಲರ ಕೈಗೂ ಎಟಕುವಂತೆ ನೇತಾಡುತ್ತಿದೆ.