ನೆಲದ ಸಾಕ್ಷಿ

ನಮ್ಮ ಊರು ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯ ಬದಿಯಲ್ಲಿದೆ. ನಾನು ಬಾಲಕನಾಗಿದ್ದಾಗ ಒಂದು ಮಧ್ಯಾಹ್ನ ನೆಲುವಿನ ಮೇಲಿದ್ದ ಗಡಿಗೆಗಳು ಇದ್ದಕ್ಕಿದ್ದಂತೆ ಅಲುಗಿದವು. ಅಜ್ಜಿಯು, “ಆದಿಶೇಷನು ಹೆಡೆ ಬದಲಿಸಿದನು” ಎಂದು ಕೈಮುಗಿದಳು. ಹೊರಗೆ ನೆರೆದವರಲ್ಲಿ ಕೆಲವರು ಕಂಪನವು ಮೂಡಣದಿಂದ ಬಂದಿತೆಂದರು; ಕೆಲವರು ಪಡುವಣದಿಂದ ಎಂದರು. ಎಲ್ಲೋ ಬಂಡೆ ಸಿಡಿಸಿದ್ದರೆಂದು ಸಂಜೆ ತಿಳಿಯಿತು. ಆದರೆ ಕಾಣದ ಮೂಲವನ್ನು ಅರಿಯುವುದು ಹೇಗೆಂಬ ಪ್ರಶ್ನೆ ನನ್ನಲ್ಲಿ ಉಳಿಯಿತು.

ಉತ್ತರವನ್ನು ನಮ್ಮ ಉಪಾಧ್ಯಾಯರು ಹೇಳಿಕೊಟ್ಟರು. ಮಿಂಚಿಗೂ ಗುಡುಗಿಗೂ ನಡುವಣ ಕ್ಷಣಗಳನ್ನು ಎಣಿಸಿದರೆ ಸಿಡಿಲಿನ ದೂರ ತಿಳಿಯುವುದಷ್ಟೆ. ಭೂಕಂಪವೂ ಹಾಗೆಯೇ ಇಬ್ಬರು ದೂತರನ್ನು ಕಳುಹಿಸುತ್ತದೆ. ಮೊದಲನೆಯ ಅಲೆ ಶಿಲೆಯನ್ನು ಒತ್ತುತ್ತ, ಹಿಗ್ಗಿಸುತ್ತ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ವೇಗದಲ್ಲಿ ಧಾವಿಸುತ್ತದೆ. ಎರಡನೆಯದು ಅಡ್ಡಲಾಗಿ ಅಲುಗಿಸುತ್ತ ಸುಮಾರು ಮೂರೂವರೆ ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಇವುಗಳ ನಡುವೆ 10 ಸೆಕೆಂಡುಗಳ ಅಂತರವಿದ್ದರೆ ಮೂಲವು ಸುಮಾರು 80 ಕಿಲೋಮೀಟರ್ ದೂರದಲ್ಲಿದೆ.

ದೂರ ತಿಳಿಯಿತು, ದಿಕ್ಕು? ಅದಕ್ಕೆ ಒಬ್ಬನ ಸಾಕ್ಷಿ ಸಾಲದು. ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಗಳಲ್ಲಿ ಒಂದೊಂದು ಕಂಪನಮಾಪಕವಿದೆಯೆಂದು ಭಾವಿಸೋಣ. ನಕ್ಷೆಯಲ್ಲಿ ಪ್ರತಿಯೊಂದು ಊರನ್ನೂ ಕೇಂದ್ರವಾಗಿರಿಸಿ, ದೊರೆತ ದೂರದಷ್ಟು ತ್ರಿಜ್ಯದ ವೃತ್ತವನ್ನೆಳೆದರೆ, ಮೂರೂ ಕೂಡುವ ಎಡೆಯ ಆಸುಪಾಸಿನಲ್ಲಿಯೇ ಮೂಲವಿರುತ್ತದೆ. ಆಳವೂ ಶಿಲೆಯ ಗುಣವೂ ಲೆಕ್ಕವನ್ನು ತುಸು ಸರಿಸುವುದರಿಂದ ಇದನ್ನು ಅಂದಾಜು ಎನ್ನುತ್ತಾರೆ. ನಮ್ಮ ನಾಡಿನ ಗೌರಿಬಿದನೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಕಂಪನಮಾಪಕಗಳ ಸಾಲು ದೂರದೇಶಗಳ ಭೂಗತ ಅಣುಸ್ಫೋಟಗಳನ್ನೂ ಗುರುತಿಸಿದೆ.

ಬಳ್ಳಾರಿ ಸೀಮೆಯೂ 1843ರಲ್ಲಿ ನಡುಗಿತ್ತು. ಆಗ ಇಲ್ಲಿ ಉಪಕರಣಗಳಿರಲಿಲ್ಲ. ಅಂತಹ ಹಳೆಯ ಕಂಪನಗಳ ಮೂಲವನ್ನು, ಯಾವ ಊರು ಎಷ್ಟು ಅಲುಗಿತೆಂಬ ಬರಹಗಳಿಂದಲೇ ಊಹಿಸಬೇಕಾಗುತ್ತದೆ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಸುತ್ತಮುತ್ತ ಭೂಮಿ ಕಂಪಿಸಿತು. ಅದರ ಮೂಲವನ್ನು ಉಪಕರಣಗಳು ತಿಳಿಸಿದವು. ಆದರೆ ಮುನ್ನವೇ ಎಚ್ಚರಿಸುವ ಶಕ್ತಿ ಅವಕ್ಕಿರಲಿಲ್ಲ. ಮಲಗಿದ್ದ ಸಾವಿರಾರು ಜನರು ಕಲ್ಲುಮಣ್ಣಿನ ಗೋಡೆಗಳ, ಭಾರವಾದ ಮಾಳಿಗೆಗಳ ಅಡಿಯಲ್ಲಿ ಪ್ರಾಣ ಬಿಟ್ಟರು. ಆ ಸುದ್ದಿಯನ್ನೋದಿ ನಾನು ತಲೆಯೆತ್ತಿ ನೋಡಿದೆ. ನಮ್ಮ ಮಾಳಿಗೆಯೂ ಅಂತಹುದೇ!

ಮರುವರ್ಷ ಮಾಳಿಗೆಯ ಮಣ್ಣನ್ನು ಇಳಿಸಿ, ಗೋಡೆಗಳನ್ನು ಸುತ್ತಲೂ ಕಾಂಕ್ರೀಟಿನ ಪಟ್ಟಿಯಿಂದ ಬಿಗಿಸಿದೆವು. ನೆಲವು ನುಡಿದ ಸಾಕ್ಷಿಯನ್ನು ಕೇಳಿದ ಮೇಲೆ ಸುಮ್ಮನಿರುವುದು ತರವಲ್ಲ. ಅಜ್ಜಿ ಈಗಿಲ್ಲ, ಅವಳ ನೆಲುವು ಮಾತ್ರ ಆ ಮನೆಯಲ್ಲಿ ಇನ್ನೂ ತೂಗುತ್ತಿದೆ.