ಓದೋಕಾಗದ ಪತ್ರಿಕೆ ಮತ್ತು ಅವ್ವನ ಪದ

ಬಿ.ಇ. ಎರಡನೇ ವರ್ಷದಲ್ಲಿದ್ದಾಗ ಒಂದು ಭಾನುವಾರ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಹಳೇ ಅಮೆರಿಕನ್ ಪತ್ರಿಕೆಯೊಂದನ್ನ ಕೊಂಡೆ. ಚೌಕಾಸಿ ಮಾಡಿ ಮೂವತ್ತು ರೂಪಾಯಿ. ಹಾಸ್ಟೆಲ್ಲಿನಲ್ಲಿ ನನ್ನ ಜೊತೆಗಿದ್ದವರಲ್ಲಿ ಒಬ್ಬ ಕೋಲ್ಕತ್ತಾದವನು, ಇನ್ನೊಬ್ಬ ಶಿಲ್ಲಾಂಗಿನವನು. ಇಬ್ಬರೂ ರಾತ್ರಿಯೆಲ್ಲಾ ನಿರ್ವಾಣ, ಪರ್ಲ್ ಜಾಮ್, ಸೋನಿಕ್ ಯೂತ್ ಅಂತ ಕೇಳೋರು, ಕೇಳಿದ್ದರ ಬಗ್ಗೆ ಜಗಳ ಆಡೋರು. ನಾನೋ ತುಮಕೂರು ಕಡೆಯ ಹಳ್ಳಿಯವನು. ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಅವರ ಮಾತಿಗೆ ತಲೆ ಆಡಿಸೋದಷ್ಟೇ ನನ್ನ ಕೆಲಸ. ಈ ಪತ್ರಿಕೆ ಓದಿಕೊಂಡು ನಾನೂ ನಾಲ್ಕು ಮಾತಾಡಬೇಕು ಅಂತ ಆಸೆಯಾಗಿತ್ತು.

ಮುಖಪುಟ ಹರಿದುಹೋಗಿತ್ತು. ಒಳಗೆ ತೆರೆದರೆ ಎಲ್ಲಿಂದ ಓದಬೇಕು ಅನ್ನೋದೇ ತಿಳಿಯಲಿಲ್ಲ. ಒಂದು ಕಾಲಂ ಇನ್ನೊಂದರ ಮೈಮೇಲೆ ಹತ್ತಿ ಕೂತಿತ್ತು. ವಾಕ್ಯ ಅರ್ಧಕ್ಕೆ ಫೋಟೋದೊಳಗೆ ಮುಳುಗಿ ಹೋಗ್ತಿತ್ತು. ಒಂದು ಅಕ್ಷರ ಅಂಗೈಯಷ್ಟು ದೊಡ್ಡದು, ಪಕ್ಕದ್ದು ಇರುವೆಯಷ್ಟು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಮೂರು ರಾತ್ರಿ ಗುದ್ದಾಡಿದೆ. ಒಂದು ಪುಟವೂ ನೆಟ್ಟಗೆ ಮುಗಿಯಲಿಲ್ಲ. ಕೊನೆಗೆ ಅದನ್ನ ಟ್ರಂಕಿನ ತಳಕ್ಕೆ ಹಾಕಿದೆ. ತಪ್ಪು ನನ್ನದೇ, ನನ್ನ ಇಂಗ್ಲಿಷೇ ಸರಿಯಿಲ್ಲ ಅಂದುಕೊಂಡೆ. ಆ ನಾಚಿಕೆಯನ್ನ ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ.

ನಾಲ್ಕೈದು ವರ್ಷದ ಮೇಲೆ, ಕೆಲಸಕ್ಕೆ ಸೇರಿದ ಮೇಲೆ, ನಮ್ಮ ಟೀಮಿನಲ್ಲಿ ಉಡುಪಿ ಕಡೆಯ ಡಿಸೈನರ್ ಹುಡುಗಿಯೊಬ್ಬಳಿದ್ದಳು. ಟೀ ಕುಡಿಯುವಾಗ ಮಾತಿಗೆ ಮಾತು ಬಂದು ಈ ಕಥೆ ಹೇಳಿದೆ. ಪತ್ರಿಕೆಯ ಹೆಸರು ಕೇಳಿ ಬಿದ್ದುಬಿದ್ದು ನಕ್ಕಳು. "ರೇ ಗನ್ನಾ? ಅದು ನಿನ್ನ ತಪ್ಪಲ್ಲ ಮಾರಾಯ. ಅದನ್ನ ಮಾಡಿದ್ದೇ ಹಾಗೆ!"

ಆಮೇಲೆ ಗೊತ್ತಾಯ್ತು. ರೇ ಗನ್ 1992ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಶುರುವಾದ ಪತ್ರಿಕೆ. ಆಗ 'ಆಲ್ಟರ್‌ನೇಟಿವ್' ಅಂತ ಕರೀತಿದ್ದ ಸಂಗೀತಕ್ಕೆ ಮೀಸಲು. ಮೊದಲ ಮೂರು ವರ್ಷ ಅದರ ವಿನ್ಯಾಸ ಮಾಡಿದವನು ಡೇವಿಡ್ ಕಾರ್ಸನ್. ಓದಿದ್ದು ಸಮಾಜಶಾಸ್ತ್ರ, ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವನು, ಸಮುದ್ರದ ಅಲೆ ಮೇಲೆ ಜಾರೋ ಸರ್ಫಿಂಗ್ ಆಟದಲ್ಲಿ ಹೆಸರು ಮಾಡಿದವನು. ಗ್ರಾಫಿಕ್ ಡಿಸೈನ್ ಪರಿಚಯವಾಗಿದ್ದೇ ಎರಡು ವಾರದ ಒಂದು ಸಣ್ಣ ಕೋರ್ಸಿನಲ್ಲಿ. ಪತ್ರಿಕೆ ಅಂದರೆ ಗ್ರಿಡ್ ಇರಬೇಕು, ಕಾಲಂ ನೇರ ಇರಬೇಕು, ತಲೆಬರಹ ಮೇಲಿರಬೇಕು ಅನ್ನೋ ಲೆಕ್ಕಾಚಾರವನ್ನೆಲ್ಲ ಅವನು ಪಕ್ಕಕ್ಕಿಟ್ಟ.

ಯಾಕೆ ಹಾಗೆ ಮಾಡಿದ ಅನ್ನೋದು ನನಗೆ ಅರ್ಥವಾಗಿದ್ದು ಆ ಸಂಗೀತವನ್ನ ಸರಿಯಾಗಿ ಕೇಳಿದ ಮೇಲೆ. ಆ ಹಾಡುಗಳಲ್ಲಿ ಗಿಟಾರ್ ಬೇಕಂತಲೇ ಒಡೆದ ದನಿಯಲ್ಲಿರುತ್ತೆ. ಹಾಡುಗಾರನ ಮಾತು ಗದ್ದಲದೊಳಗೆ ಅರ್ಧ ಕೇಳಿ ಅರ್ಧ ಕೇಳಲ್ಲ. ಅಂಥ ಸಂಗೀತವನ್ನ ಬ್ಯಾಂಕಿನ ವಾರ್ಷಿಕ ವರದಿಯ ಹಾಗೆ ನೀಟಾಗಿ ಅಚ್ಚು ಹಾಕಿದರೆ ಹೇಗೆ? ಕಾರ್ಸನ್ ಪುಟವನ್ನೂ ಹಾಡಿನ ಹಾಗೇ ಮಾಡಿದ. ಅಕ್ಷರವೇ ಗಲಾಟೆ ಮಾಡೋ ಹಾಗೆ ಮಾಡಿದ. ಓದೋಕಾಗುತ್ತೆ ಅಂದಮಾತ್ರಕ್ಕೆ ವಿಷಯ ಮುಟ್ಟಿತು ಅಂತಲ್ಲ, ಇದು ಅವನ ವಾದ. ಸಾಫ್ಟ್‌ವೇರಿನವರಿಗೆ ಇದು ಬೇಗ ಅರ್ಥವಾಗುತ್ತೆ. ಒಳಗಿನ ಕೋಡ್ ಏನೇ ಇರಲಿ, ಬಳಸುವವನು ಮೊದಲು ನೋಡೋದು ಸ್ಕ್ರೀನು. ಇದು ನನಗಾಗಿ ಮಾಡಿದ್ದೋ ಅಲ್ಲವೋ ಅಂತ ಅವನು ಅಲ್ಲೇ ತೀರ್ಮಾನ ಮಾಡಿಬಿಡ್ತಾನೆ.

ಅವನ ಅತಿ ಪ್ರಸಿದ್ಧ ಕಿತಾಪತಿ ನಡೆದಿದ್ದು 1994ರಲ್ಲಿ. ಬ್ರಿಟನ್ನಿನ ಗಾಯಕ ಬ್ರಯಾನ್ ಫೆರಿಯ ಸಂದರ್ಶನ ಬಂದಿತ್ತು. ಓದಿ ನೋಡಿದ ಕಾರ್ಸನ್ನನಿಗೆ ಬಲು ಬೋರು ಅನ್ನಿಸ್ತಂತೆ. ಇಡೀ ಸಂದರ್ಶನವನ್ನ ಝಾಫ್ ಡಿಂಗ್‌ಬ್ಯಾಟ್ಸ್ ಅನ್ನೋ ಫಾಂಟಿನಲ್ಲಿ ಹಾಕಿಬಿಟ್ಟ. ಅದು 1978ರಲ್ಲಿ ಜರ್ಮನಿಯ ಹರ್ಮನ್ ಝಾಫ್ ಮಾಡಿದ ಚಿಹ್ನೆಗಳ ಫಾಂಟು. ಅದರಲ್ಲಿ ಅಕ್ಷರವೇ ಇಲ್ಲ. ಎ ಒತ್ತಿದರೂ ಬಿ ಒತ್ತಿದರೂ ನಕ್ಷತ್ರ, ಹೂವು, ಚೌಕ. ಅಂದರೆ ಸಂದರ್ಶನ ಪೂರ್ತಿ ಅಲ್ಲೇ ಇದೆ, ಒಂದು ಪದವೂ ಓದೋಕಾಗಲ್ಲ.

ಇದನ್ನ ಕೇಳಿ ಮೊದಲು ನಕ್ಕೆ. ಆಮೇಲೆ ಸಿಟ್ಟು ಬಂತು. ಹಾಗಾದ್ರೆ ಆ ಮೂರು ರಾತ್ರಿ? ನೀಟಾದ ಇಂಗ್ಲಿಷನ್ನ ಜೀವಮಾನವೆಲ್ಲಾ ಓದಿ ಬೇಜಾರಾದವನಿಗೆ ಓದೋಕಾಗದ ಪುಟ ಒಂದು ಮಜಾ. ಅವನಿಗೆ ತನ್ನ ಓದಿನ ಮೇಲೆ ಅನುಮಾನವೇ ಬರಲ್ಲ, ತಪ್ಪು ಪತ್ರಿಕೆಯದು ಅಂತ ನಗ್ತಾನೆ. ನನ್ನಂಥವನು ಮಾತ್ರ ತಪ್ಪು ತನ್ನದು ಅಂದುಕೊಳ್ತಾನೆ. ಆ ಪತ್ರಿಕೆ ಮೊದಲ ಪುಟದಲ್ಲೇ ತನ್ನವರು ಯಾರು ಅಂತ ಹೇಳಿಬಿಟ್ಟಿತ್ತು. ಆ ಲೆಕ್ಕದಲ್ಲಿ ನಾನಿರಲಿಲ್ಲ.

ಅದೇ ಹುಡುಗಿ ಇನ್ನೊಂದು ಪತ್ರಿಕೆಯ ಪುಟಗಳನ್ನ ತೋರಿಸಿದಳು. ಇದು ಲಂಡನ್ನಿನದು, ರೇ ಗನ್ನಿಗಿಂತ ಹದಿನಾರು ವರ್ಷ ಹಳೇದು. ಹೆಸರು ಸ್ನಿಫಿನ್ ಗ್ಲೂ. 1976ರ ಜುಲೈನಲ್ಲಿ ಮಾರ್ಕ್ ಪೆರಿ ಅನ್ನೋ ಬ್ಯಾಂಕ್ ಗುಮಾಸ್ತ ಶುರು ಮಾಡಿದ್ದು. ರಮೋನ್ಸ್ ಬ್ಯಾಂಡಿನ ಹುಚ್ಚು ಹಿಡಿದಿತ್ತು ಅವನಿಗೆ, ಪಂಕ್ ಬಗ್ಗೆಯೇ ಬರೆಯೋ ಪತ್ರಿಕೆ ಅಲ್ಲಿ ಇರಲಿಲ್ಲ. ಚಿಕ್ಕವನಿದ್ದಾಗ ಮನೆಯಲ್ಲಿ ಕೊಡಿಸಿದ್ದ ಟೈಪ್‌ರೈಟರಿನಲ್ಲಿ ಕುಟ್ಟಿದ, ತಲೆಬರಹ ಸ್ಕೆಚ್ ಪೆನ್ನಿನಲ್ಲಿ ಗೀಚಿದ, ಜೆರಾಕ್ಸ್ ಮಾಡಿಸಿದ. ಮೊದಲ ಸಂಚಿಕೆ ಸುಮಾರು 50 ಪ್ರತಿ. ಹನ್ನೆರಡು ಸಂಚಿಕೆ ತಂದು 1977ರಲ್ಲಿ ನಿಲ್ಲಿಸುವಷ್ಟರಲ್ಲಿ ಅದು ಸಾವಿರಗಟ್ಟಲೆ ಖರ್ಚಾಗುತ್ತಿತ್ತು.

ನನಗೆ ಆಶ್ಚರ್ಯವಾಗಿದ್ದು ಅದರ ಭಾಷೆ. ಇಂಗ್ಲಿಷಿನವನೇ ಬರೆದ ಇಂಗ್ಲಿಷು, ಅದರ ತುಂಬಾ ಸ್ಪೆಲ್ಲಿಂಗ್ ಮಿಸ್ಟೇಕು! ಟೈಪ್ ತಪ್ಪಿದ ಕಡೆ ಹೊಡೆದುಹಾಕಿ ಹಾಗೇ ಮುಂದೆ ಹೋಗಿದ್ದಾನೆ. ಹೆಸರಿನಲ್ಲೇ ಕೊನೆಯ ಜಿ ನುಂಗಿದ್ದಾನೆ, ಬೀದಿಯಲ್ಲಿ ಹುಡುಗರು ಮಾತಾಡುವಾಗ ನುಂಗೋ ಹಾಗೆ. ನಾನಾಗ ಆಫೀಸಿನಲ್ಲಿ ಎರಡು ಸಾಲಿನ ಇಮೇಲನ್ನ ಆರು ಸಲ ಓದಿ ಕಳಿಸುತ್ತಿದ್ದ ಕಾಲ. ಆ ಪುಟಗಳನ್ನ ನೋಡಿ ಎದೆ ಹಗುರಾಯ್ತು. ಅದೂ ನೋಡೋಕೆ ಗಲೀಜೇ, ರೇ ಗನ್ನಿನ ಹಾಗೇ. ಆದರೆ ಅದರ ಗಲೀಜು ನನ್ನನ್ನ ಹೊರಗೆ ನಿಲ್ಲಿಸಲಿಲ್ಲ. 'ಇಷ್ಟೇ ಕಣಯ್ಯಾ, ನೀನೂ ಮಾಡಬಹುದು' ಅಂದ ಹಾಗಿತ್ತು. ಪೆರಿ ನಿಜವಾಗಿಯೂ ಓದುಗರಿಗೆ ಅದನ್ನೇ ಹೇಳಿದ್ದ: ಇದನ್ನೇ ಓದುತ್ತಾ ಕೂರಬೇಡಿ, ನಿಮ್ಮದೇ ಒಂದು ಪತ್ರಿಕೆ ಮಾಡಿ ಅಂತ. ಹಾಗೆ ಬಂದವು ಎಷ್ಟೋ.

ಇದೆಲ್ಲಾ ದೂರದ ಕಥೆ ಅಂದುಕೊಂಡಿದ್ದೆ, ತಂಗಿಯ ಮದುವೆ ಬರೋವರೆಗೆ.

ನಮ್ಮವ್ವ ಸೋಬಾನೆ ಪದ ಹೇಳೋಳು. ಸುತ್ತಲ ಹಳ್ಳಿಗಳ ಮದುವೆಗೂ ಕರೀತಾರೆ. ಅವಳು ಹೇಳೋ ಪದಗಳನ್ನ ಹದಿನಾರು ಪುಟದ ಪುಸ್ತಕ ಮಾಡಿ ತಾಂಬೂಲದ ಜೊತೆ ಕೊಡೋಣ ಅಂತ ನಾನೂ ತಂಗಿಯೂ ಯೋಚನೆ ಮಾಡಿದೆವು. ಅವ್ವ ಹೇಳಿದಳು, ತಂಗಿ ಬರಕೊಂಡಳು, ತಾಲ್ಲೂಕಿನ ಡಿಟಿಪಿ ಅಂಗಡಿಯವರು ಟೈಪ್ ಮಾಡಿ ನನಗೆ ಮೇಲ್ ಕಳಿಸಿದರು. ಆಫೀಸಿನ ಲ್ಯಾಪ್‌ಟಾಪಿನಲ್ಲಿ ತೆರೆದೆ. ಒಂದಕ್ಷರ ಕನ್ನಡವಿಲ್ಲ. ಅವರು ನುಡಿಯಲ್ಲಿ ಟೈಪ್ ಮಾಡಿದ್ದರು, ನನ್ನಲ್ಲಿ ಆ ಫಾಂಟ್ ಇರಲಿಲ್ಲ. ಹಳೇ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡವನ್ನ ಕೂರಿಸಿದ್ದವು, ಫಾಂಟ್ ಹೋದರೆ ವೇಷ ಕಳಚುತ್ತೆ. 'ಕ' ಇರಬೇಕಾದ ಕಡೆ ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆ ಮೇಲೆ ಗೀಟು ಹೊತ್ತ ಒಂದು ಎ. 'ನ' ಇರಬೇಕಾದ ಕಡೆ ಬ್ರಿಟಿಷರ ಪೌಂಡ್ ಗುರುತು. ನೋಡುತ್ತಾ ಕೂತವನಿಗೆ ಬ್ರಯಾನ್ ಫೆರಿ ನೆನಪಾದ. ನಮ್ಮವ್ವನಿಗೂ ಅದೇ ಗತಿ! ಅವನಿಗೆ ಒಬ್ಬ ಡಿಸೈನರ್ ಬೇಕಂತ ಮಾಡಿದ್ದು, ಇವಳಿಗೆ ಯಾರೂ ಬೇಕಂತ ಮಾಡದೇ ಆಗಿದ್ದು.

ಫಾಂಟ್ ಇಳಿಸಿಕೊಂಡು ಹಾಕಿದೆ, ಪದಗಳು ವಾಪಸ್ ಬಂದವು. ಪ್ರತಿ ಪುಟಕ್ಕೂ ಗುಲಾಬಿ ಹೂವಿನ ಬಾರ್ಡರ್, ತಲೆಬರಹಕ್ಕೆ ನೆರಳು. ಇರಲಿ, ಚೆನ್ನಾಗೇ ಇದೆ ಅಂದುಕೊಂಡೆ. ಶನಿವಾರ ಊರಿಗೆ ಹೋಗಿ, ಪ್ರಿಂಟ್ ಹಿಡಿದು ಅವ್ವನಿಗೆ ಓದಿ ಹೇಳಿದೆ. ಓದು ಬಾರದ ಅವ್ವ ಕಣ್ಣು ಮುಚ್ಚಿ ಕೇಳಿಸಿಕೊಂಡಳು. ನಾಲ್ಕನೇ ಸಾಲಿಗೆ ಕಣ್ಣು ಬಿಟ್ಟಳು.

"ಇದ್ಯಾರ್ದ್ಲಾ ಪದ? ನಾನೆಲ್ಲಿ ಹಿಂಗ್ ಹೇಳ್ದೆ?"

ತಂಗಿಯ ನೋಟ್‌ಬುಕ್ ತರಿಸಿ ಹೋಲಿಸಿದೆ. ಅವ್ವ 'ಬತ್ತಾಳೆ' ಅಂದಿದ್ದ ಕಡೆಯೆಲ್ಲಾ 'ಬರುತ್ತಾಳೆ' ಆಗಿತ್ತು. 'ಅವ್ಳೆ' ಅನ್ನೋದು 'ಇದ್ದಾಳೆ' ಆಗಿತ್ತು. ಅಂಗಡಿಯವರಿಗೆ ಫೋನ್ ಮಾಡಿದರೆ, "ಸಾರ್, ಮದ್ವೆ ಪುಸ್ತಕ. ತಪ್ಪು ಕನ್ನಡ ಇದ್ರೆ ನಿಮ್ಗೇ ಕೆಟ್ಟ ಹೆಸ್ರು ಅಂತ ನಾನೇ ತಿದ್ದಿದೀನಿ" ಅಂದರು. ಪಾಪ, ಒಳ್ಳೇ ಮನಸ್ಸಿನಿಂದಲೇ ತಿದ್ದಿದ್ದರು. ಆರು ಸಲ ಇಮೇಲ್ ಓದುತ್ತಿದ್ದ ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ. ಆದರೆ ಎಲ್ಲೆಲ್ಲಿ ಒಂದಕ್ಷರ ಹೆಚ್ಚಾಗಿತ್ತೋ ಅಲ್ಲಲ್ಲಿ ತಾಳ ಮುಗ್ಗರಿಸಿತ್ತು. ಅವ್ವ ಅದನ್ನ ಕಿವಿಯಲ್ಲೇ ಹಿಡಿದಿದ್ದಳು.

ಆ ರಾತ್ರಿ ಗುಲಾಬಿ ಹೂವನ್ನೆಲ್ಲ ತೆಗೆದೆ, ನೆರಳು ತೆಗೆದೆ. ಅವ್ವ ಹೇಳಿದ್ದನ್ನ ಹೇಳಿದ ಹಾಗೇ ಯೂನಿಕೋಡಿನಲ್ಲಿ ನಾನೇ ಟೈಪ್ ಮಾಡಿದೆ. ಅವಳು ಉಸಿರು ತಗೊಳ್ಳೋ ಕಡೆ ಸಾಲು ಮುರಿದೆ, ಜೊತೆಯವರು ಸೊಲ್ಲು ಎತ್ತಿಕೊಳ್ಳೋ ಸಾಲನ್ನ ಸ್ವಲ್ಪ ಒಳಕ್ಕೆ ಸರಿಸಿದೆ. ಅಕ್ಷರ ದೊಡ್ಡದು ಮಾಡಿದೆ. ಕಾರ್ಸನ್ನನಿಂದ ಕಲಿತಿದ್ದು ಪುಟ ಹಾಡಿನ ಹಾಗಿರಬೇಕು ಅನ್ನೋದು. ಪೆರಿಯಿಂದ ಕಲಿತಿದ್ದು ನುಂಗಿದ ಅಕ್ಷರ ನುಂಗಿದ ಹಾಗೇ ಇರಲಿ ಅನ್ನೋದು.

ಮದುವೆ ದಿನ ಚಪ್ಪರದಡಿ ಅವ್ವ ಮತ್ತವಳ ಜೊತೆಯವರು ಪದ ಎತ್ತಿದರು. ಪುಸ್ತಕ ಅವರಿಗೆ ಬೇಕಾಗಿರಲಿಲ್ಲ. ಹಿಂದಿನ ಸಾಲಿನಲ್ಲಿ ಡಿಗ್ರಿ ಓದುತ್ತಿದ್ದ ನಮ್ಮ ದೊಡ್ಡಪ್ಪನ ಮೊಮ್ಮಗಳು ಕೂತಿದ್ದಳು, ತುಮಕೂರಿನಲ್ಲೇ ಬೆಳೆದವಳು. ಪುಸ್ತಕ ಬಿಡಿಸಿ ಮೆಲ್ಲಗೆ ದನಿ ಸೇರಿಸಿದಳು. 'ಬತ್ತಾಳೆ' ಬಂದಾಗ ಒಂದು ಸಲ ತಲೆ ಎತ್ತಿ ನೋಡಿದಳು, ಸರಿಯಾಗಿದೆಯಾ ಅನ್ನೋ ಹಾಗೆ. ಅವ್ವ ನಿಲ್ಲಿಸದೇ ಮುಂದಿನ ಸೊಲ್ಲಿಗೆ ಹೋದಳು. ಹುಡುಗಿಯೂ ಹೋದಳು. ತಾಳ ಎಲ್ಲೂ ತಪ್ಪಲಿಲ್ಲ.